ಆರು ಮನೆಗಳಾದ ಒಂದು ಮನೆ

ಬೀದರಿನಲ್ಲಿ ಹೊಸದಾಗಿ ಪರಿಚಯವಾದವರು ನಮ್ಮ ಮನೆ ಎಲ್ಲಿ ಎಂದು ಕೇಳಿದಾಗ, ಬರೀದ್ ಶಾಹಿ ಉದ್ಯಾನದ ಎದುರಿನ ಕೆಂಪು ಕಲ್ಲಿನ ಕಟ್ಟಡ ಎಂದು ಹೇಳುತ್ತೇನೆ. ಕೇಳಿದವರು ಹಳಬರಾಗಿದ್ದರೆ ಮರುಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅದು ಇನ್ನಾ ಬಿದ್ದಿಲ್ಲೇನ್ರಿ?" ಬಿದ್ದಿಲ್ಲ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮೊದಲು, ಬೀದರ್ ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಕಾಳಿನ ಅಡತಿ ವ್ಯಾಪಾರ ಮಾಡುತ್ತಿದ್ದ ಒಂದು ಅವಿಭಕ್ತ ಕುಟುಂಬ ಕಟ್ಟಿಸಿದ ಈ ಎರಡಂತಸ್ತಿನ ಮನೆಯಲ್ಲಿ ಈಗ ಆರು ಸಂಸಾರಗಳಿವೆ. ಆರಕ್ಕೂ ಬೇರೆ ಬಾಗಿಲು, ಬೇರೆ ಮೀಟರು, ಬೇರೆ ಒಲೆ. ಹಳೆಯ ದೊಡ್ಡ ಮನೆಯೊಂದನ್ನು ಫ್ಲ್ಯಾಟುಗಳಾಗಿ ಮಾಡಿದಾಗ ಯಾವುದು ಸಾಧ್ಯ, ಯಾವುದು ಎಷ್ಟು ಹಟ ಹಿಡಿದರೂ ಆಗದು ಎಂಬುದು ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಒಳಗೆ ಇದ್ದು ನೋಡಿದ ನನಗೆ ತಿಳಿದಿರುವುದಿಷ್ಟು: ಇಂಥ ಕಟ್ಟಡದಲ್ಲಿ ಎಂಜಿನಿಯರ್ ಬರೆದ ನಕ್ಷೆಗಿಂತ ನೀರು ಮಾಡುವ ತೀರ್ಮಾನಗಳೇ ಹೆಚ್ಚು. ಬಚ್ಚಲು ಎಲ್ಲಿರಬೇಕು, ಗೋಡೆಗೆ ಏನು ಬಳಿಯಬೇಕು, ಕೊನೆಗೆ ಯಾರು ಮೇಲೆ, ಯಾರು ಕೆಳಗೆ ಇರಬೇಕು ಎಂಬುದನ್ನೂ ಅದೇ ಹೇಳುತ್ತದೆ.

ಹಳೆಯದರ ಮೇಲಿನ ಅಭಿಮಾನದಿಂದ ಈ ಮನೆಯನ್ನು ಉಳಿಸಿಕೊಂಡರು ಎಂದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಡೆದದ್ದು ಹಾಗಲ್ಲ. ಆಸ್ತಿ ಪಾಲಾದಾಗ ಅಣ್ಣತಮ್ಮಂದಿರೆಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ: ಇದನ್ನು ಕೆಡವಿ ಕೆಳಗೆ ಅಂಗಡಿಗಳ ಸಾಲನ್ನೂ ಮೇಲೆ ನಾಲ್ಕಂತಸ್ತಿನ ಅಪಾರ್ಟ್‌ಮೆಂಟನ್ನೂ ಎಬ್ಬಿಸುವುದು. ಅದಕ್ಕೆ ಅಡ್ಡ ನಿಂತವು ಎದುರಿನ ಗುಮ್ಮಟಗಳು. ಬರೀದ್ ಶಾಹಿ ಅರಸರ ಗೋರಿಗಳು ಸಂರಕ್ಷಿತ ಸ್ಮಾರಕಗಳಾದ್ದರಿಂದ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಸುತ್ತ 100 ಮೀಟರ್‌ವರೆಗೆ ನಿಷೇಧಿತ ವಲಯ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ಈ ಅಳತೆ ಗುಮ್ಮಟದ ಬುಡದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಆರಂಭವಾಗುತ್ತದೆ ಎಂಬ ಒಂದು ವಾಕ್ಯವೇ ಅಣ್ಣತಮ್ಮಂದಿರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ಕೆಡವಿ ಮತ್ತೆ ಕಟ್ಟುವಂತೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡವನ್ನು ಅನುಮತಿ ಪಡೆದು ದುರಸ್ತಿ ಮಾಡಿಕೊಳ್ಳಬಹುದು, ನವೀಕರಿಸಿಕೊಳ್ಳಬಹುದು, ಅಷ್ಟೆ. ಹೀಗೆ, ಬೆಳೆಸಲಾಗದ ಮನೆಯನ್ನು ಒಳಗೊಳಗೇ ಹಂಚುವುದೊಂದೇ ದಾರಿಯಾಗಿ ಉಳಿಯಿತು. ಕಾನೂನನ್ನು ಬೈಯುವವರು ಈ ಓಣಿಯಲ್ಲಿ ಬಹಳ ಮಂದಿ ಇದ್ದಾರೆ, ಅವರ ಕಷ್ಟವೂ ಸುಳ್ಳಲ್ಲ. ಒಂದು ಶೌಚಾಲಯದ ದುರಸ್ತಿಗೂ ಅರ್ಜಿ, ನಕ್ಷೆ, ಛಾಯಾಚಿತ್ರ ಎಂದು ಅಲೆಯಬೇಕಾಗುತ್ತದೆ. ಆದರೂ ಈ ಕಾನೂನು ಇಲ್ಲದಿದ್ದರೆ ನಮ್ಮ ಮನೆ ಇರುತ್ತಿರಲಿಲ್ಲ ಎಂಬುದನ್ನು ಒಪ್ಪದೆ ಗತ್ಯಂತರವಿಲ್ಲ.

ಇನ್ನು ಕಲ್ಲಿನ ವಿಚಾರ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕಬ್ಬಿಣದ ಅಂಶ ಹೆಚ್ಚಿರುವ ಈ ಕೆಂಪು ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಮೈತುಂಬ ರಂಧ್ರಗಳಿರುವ ಈ ಪದರದೊಳಗೆ ಮಳೆನೀರು ಸಲೀಸಾಗಿ ಇಳಿದು, ಕೆಳಗಿನ ಕಪ್ಪು ಕಲ್ಲಿನ ಹಾಸನ್ನು ಮುಟ್ಟಿದ ಮೇಲೆ ಮುಂದೆ ಇಳಿಯಲಾರದೆ ಅಡ್ಡಲಾಗಿ ಹರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ನರಸಿಂಹ ಝರಣಿ, ಪಾಪನಾಶದಂಥ ತಾಣಗಳಲ್ಲಿ ನಾವು ಕೈಮುಗಿದು ತೀರ್ಥವೆಂದು ಸೇವಿಸುವ ನೀರಿನ ಹಿಂದಿರುವುದು ಈ ಎರಡು ಕಲ್ಲುಗಳ ನಂಟು. ಬಹಮನಿಗಳ ಕಾಲದಲ್ಲಿ ನೌಬಾದಿನ ಕಡೆ ನೆಲದೊಳಗೆ ಸುರಂಗ ಕೊರೆದು ಕರೇಜ್ ಎಂಬ ನೆಲದಡಿಯ ನೀರುಗಾಲುವೆ ಮಾಡಿದವರೂ ಇದೇ ಗುಣವನ್ನು ನಂಬಿದವರು. ನಮ್ಮ ಮನೆಯ ಗೋಡೆಗಳೂ ಅದೇ ಕಲ್ಲಿನವು, ಸುಮಾರು ಎರಡು ಅಡಿ ದಪ್ಪ, ಸುಣ್ಣದ ಗಾರೆಯಲ್ಲಿ ಕೂಡಿಸಿದವು. ಗುಡ್ಡಕ್ಕೆ ಇರುವ ಸ್ವಭಾವವೇ ಗೋಡೆಗೂ ಇರುತ್ತದೆ: ನೀರನ್ನು ಕುಡಿಯುತ್ತದೆ, ದಾರಿ ಸಿಕ್ಕರೆ ಬಿಟ್ಟುಕೊಡುತ್ತದೆ, ದಾರಿ ಮುಚ್ಚಿದರೆ ತನಗೆ ಬೇಕಾದಲ್ಲಿ ಹೊರಗೆ ಬರುತ್ತದೆ.

ದಾರಿ ಮುಚ್ಚುವ ಕೆಲಸವನ್ನು ಫ್ಲ್ಯಾಟು ಮಾಡಿಕೊಟ್ಟ ಗುತ್ತಿಗೆದಾರರು ಬಹಳ ಅಚ್ಚುಕಟ್ಟಾಗಿ ಮಾಡಿದ್ದರು. ಹಳೆಯ ಸುಣ್ಣದ ಗಿಲಾವನ್ನು ಕೆತ್ತಿ ತೆಗೆದು, ಕೆಳಗಿನಿಂದ ಎದೆಮಟ್ಟದವರೆಗೆ ಸಿಮೆಂಟಿನ ಗಿಲಾವು ಹಚ್ಚಿ, ಅದರ ಮೇಲೆ ಹೊಳೆಯುವ ಪೇಂಟ್ ಬಳಿದು ಕೀಲಿ ಕೈಗಿತ್ತರು. ಒಂದು ಮಳೆಗಾಲ ಎಲ್ಲವೂ ಸುಂದರವಾಗಿತ್ತು. ಆಮೇಲೆ ಪೇಂಟಿನ ಕೆಳಗೆ ಗುಳ್ಳೆಗಳೆದ್ದವು. ಒಡೆದು ನೋಡಿದರೆ ಒಳಗೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಅಡಿಪಾಯದಿಂದ ಮೇಲೇರಿದ ತೇವ ಸಿಮೆಂಟನ್ನು ದಾಟಲಾರದೆ, ಸಿಮೆಂಟು ಮುಗಿಯುವ ಎದೆಮಟ್ಟದ ಗೆರೆಯ ಮೇಲೆ ಬಂದು ಆರುತ್ತಿತ್ತು, ಆರುವಾಗ ಉಪ್ಪನ್ನು ಅಲ್ಲಿಯೇ ಬಿಟ್ಟು ಹೋಗುತ್ತಿತ್ತು, ಆ ಉಪ್ಪು ಹರಳುಗಟ್ಟುತ್ತ ಕಲ್ಲಿನ ಮೈಯನ್ನೇ ಪುಡಿಮಾಡುತ್ತಿತ್ತು. ಬೆರಳಿನಿಂದ ಒತ್ತಿದರೆ ಕೆಂಪು ಹಿಟ್ಟು ಉದುರುತ್ತಿದ್ದ ಆ ಜಾಗದ ಮುಂದೆ ನಿಂತು, ಗುತ್ತಿಗೆದಾರರು ಕಳುಹಿಸಿದ ಹುಡುಗ ನೀರು ತಡೆಯುವ ಮತ್ತೊಂದು ರಾಸಾಯನಿಕವನ್ನು ಬಳಿಯೋಣ ಎಂದ.

ಅದನ್ನು ತಪ್ಪಿಸಿದವರು ಹಳ್ಳಿಯಿಂದ ಬಂದಿದ್ದ ವಯಸ್ಸಾದ ಗೌಂಡಿಯೊಬ್ಬರು. ಕಾಕಾ ಎಂದೇ ನಾವೆಲ್ಲ ಕರೆಯುವ ಅವರು ಗೋಡೆಯನ್ನು ತಟ್ಟಿ ನೋಡಿ, "ಅಕ್ಕೋರೆ, ಇದರ ಮ್ಯಾಲೆ ಇನ್ನೊಂದು ಹಚ್ಚಿದ್ರ ಖರ್ಚು ನಿಮ್ದ, ಗ್ವಾಡಿ ಮಾತ್ರ ಉಳಿಯಂಗಿಲ್ಲ. ಮೊದಲ ಸಿಮೆಂಟ್ ತಗೀರಿ" ಎಂದರು. ತೆಗೆದೆವು. ಆ ಬೇಸಿಗೆಯಿಡೀ ಗೋಡೆಯನ್ನು ಬೆತ್ತಲೆಯಾಗಿ ಒಣಗಲು ಬಿಟ್ಟು, ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ ಸುಣ್ಣ ಅರಳಿಸಿ, ನೀರಿನ ಕೆಳಗೆ ವಾರಗಟ್ಟಲೆ ಕೊಳೆಸಿಟ್ಟು, ಅಳಲೆಕಾಯಿಯ ಕಷಾಯವನ್ನೂ ಬೆಲ್ಲದ ನೀರನ್ನೂ ಬೆರೆಸಿದ ಗಾರೆಯನ್ನು ತೆಳುವಾಗಿ, ಒಂದು ಪದರ ಆರಿದ ಮೇಲೆ ಇನ್ನೊಂದು ಎಂಬಂತೆ ಹಚ್ಚಿಸಿದೆವು. ಸಿಮೆಂಟಿನಂತೆ ಸುಣ್ಣ ಒಂದೆರಡು ದಿನಗಳಲ್ಲಿ ಬಿಗಿಯುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ, ಆದರೆ ತೇವವನ್ನು ತನ್ನ ಮೂಲಕ ಹೊರಗೆ ಹೋಗಲು ಬಿಡುತ್ತದೆ. ಉಪ್ಪು ಬರುವುದು ಈಗಲೂ ಪೂರ್ತಿ ನಿಂತಿಲ್ಲ. ಆದರೆ ಅದು ಕಲ್ಲನ್ನು ಬಿಟ್ಟು ಗಿಲಾವನ್ನು ತಿನ್ನುತ್ತದೆ, ತಿಂದ ಗಿಲಾವನ್ನು ಮತ್ತೆ ಹಚ್ಚಬಹುದು. ಸಿಮೆಂಟು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿಗಳ ಸಿಮೆಂಟು ಈ ಸೀಮೆಯ ಅರ್ಧ ಊರುಗಳನ್ನು ಕಟ್ಟಿದೆ. ಅದರ ಜಾಗ ಈ ಗೋಡೆಯಲ್ಲ ಎಂಬುದಷ್ಟೇ ನನ್ನ ತಕರಾರು.

ಗೋಡೆಗಿಂತ ಕಷ್ಟದ್ದು ಛತ್ತಿನ ಕಥೆ. ಮೇಲಂತಸ್ತಿನ ನೆಲವೂ ಅದರ ಮೇಲಿನ ಛತ್ತೂ ಕಬ್ಬಿಣದ ಗರ್ಡರುಗಳ ನಡುವೆ ಇಟ್ಟಿಗೆಯ ಸಣ್ಣ ಸಣ್ಣ ಕಮಾನುಗಳನ್ನು ಸಾಲಾಗಿ ಕಟ್ಟಿ, ಅದರ ಮೇಲೆ ಸುಣ್ಣದ ಗಚ್ಚು ತುಂಬಿ, ಶಹಾಬಾದ್ ಫರಸಿ ಹಾಸಿ ಮಾಡಿದವು. ಅಷ್ಟು ಉದ್ದದ ಗರ್ಡರುಗಳು ಇಲ್ಲಿಗೆ ಬಂದದ್ದು ಬೀದರಿಗೆ ರೈಲು ಬಂದ ಮೇಲೆಯೇ ಇರಬೇಕು; ನಮ್ಮ ಅಡುಗೆಮನೆಯ ನೆತ್ತಿಯ ಮೇಲಿರುವ ಒಂದರಲ್ಲಿ ಟಾಟಾ ಎಂಬ ಅಚ್ಚು ಈಗಲೂ ಓದಲು ಬರುತ್ತದೆ. ಈ ಕಮಾನುಗಳು ಒಂದನ್ನೊಂದು ಒತ್ತಿ ಹಿಡಿದು ನಿಂತಿರುತ್ತವೆ. ಒಂದನ್ನು ಕತ್ತರಿಸಿದರೆ ಪಕ್ಕದ್ದಕ್ಕೆ ಎದುರೊತ್ತು ತಪ್ಪುತ್ತದೆ, ಅದು ಜರುಗಿದರೆ ಅದರ ಪಕ್ಕದ್ದು.

ಫ್ಲ್ಯಾಟಿನಲ್ಲಿ ಬಚ್ಚಲು ಮಾಡುವ ಇಂದಿನ ಪದ್ಧತಿ ಎಲ್ಲರಿಗೂ ಗೊತ್ತಿದೆ. ಸ್ಲ್ಯಾಬು ಹಾಕುವಾಗಲೇ ಆ ಭಾಗವನ್ನು ತಗ್ಗಿಸಿ, ಪೈಪುಗಳನ್ನು ತಗ್ಗಿನಲ್ಲಿ ಹುದುಗಿಸಿ, ಮೇಲೆ ಟೈಲ್ಸ್ ಹಾಕಿದರೆ ನೆಲ ಸಮವಾಗುತ್ತದೆ. ಕಮಾನಿನ ನೆಲವನ್ನು ಹಾಗೆ ತಗ್ಗಿಸುವುದು ಸಾಧ್ಯವೇ ಇಲ್ಲ. ಮೂಲ ಮನೆಯಲ್ಲಿ ಈ ಸಮಸ್ಯೆ ಇರಲಿಲ್ಲ, ಏಕೆಂದರೆ ಬಚ್ಚಲೂ ಪಾಯಖಾನೆಯೂ ಹಿತ್ತಿಲಿನಲ್ಲಿ, ಮಣ್ಣಿನ ನೆಲದ ಮೇಲೆ ಇದ್ದವು. ಮಹಡಿಗೆ ನೀರು ಹೋಗುತ್ತಿದ್ದದ್ದು ಕೊಡದಲ್ಲಿ. ಆರು ಸಂಸಾರಗಳಿಗೆ ಆರು ಬಚ್ಚಲು ಬೇಕಾದಾಗ, ಮೇಲಿನ ಮೂರನ್ನೂ ಹಿಂಭಾಗದ ಗೋಡೆಗೆ ಅಂಟಿಸಿ, ಗೋಡೆಯಲ್ಲಿ ಮೊದಲೇ ಇದ್ದ ಕಿಂಡಿಗಳ ಮೂಲಕ ಪೈಪುಗಳನ್ನು ಹೊರಗೆ ಬಿಟ್ಟು, ಒಳಗಿನ ನೆಲವನ್ನು ಎತ್ತರಿಸಬೇಕಾಯಿತು. ಇದರಿಂದಾಗಿ ಮಹಡಿಯ ಮನೆಗಳಲ್ಲಿ ನಾವು ಬಚ್ಚಲಿಗೆ ಎರಡು ಮೆಟ್ಟಿಲು ಹತ್ತಿ ಹೋಗುತ್ತೇವೆ. ಮೊದಲ ಸಲ ಬಂದ ನೆಂಟರು ಮೆಟ್ಟಿಲು ನೋಡಿ ದೇವರ ಕೋಣೆಯೆಂದುಕೊಂಡು ಚಪ್ಪಲಿ ಹೊರಗೆ ಬಿಟ್ಟದ್ದೂ ಉಂಟು. ಬಚ್ಚಲು ಹಿಂದೆ ಹೋದದ್ದರಿಂದ ಅಡುಗೆಮನೆಗಳೂ ಹಿಂದೆ ಹೋದವು, ಅಡುಗೆಮನೆಗಳು ಹಿಂದೆ ಹೋದದ್ದರಿಂದ ಮಲಗುವ ಕೋಣೆಗಳು ನಡುವೆ ಸಿಕ್ಕಿಕೊಂಡು ಬೆಳಕಿಗಾಗಿ ಅಂಗಳವನ್ನು ನೆಚ್ಚಿಕೊಂಡವು. ನಕ್ಷೆ ಬರೆದವರು ಉಳಿದದ್ದನ್ನು ತುಂಬಿದರಷ್ಟೆ.

ನೀರಿನ ಟಾಕಿಯದೂ ಇದೇ ಪ್ರಶ್ನೆ. ಸಾವಿರ ಲೀಟರಿನ ಟಾಕಿ ತುಂಬಿದರೆ ಒಂದು ಟನ್ ತೂಕ. ಅಂಥವನ್ನು ಛತ್ತಿನ ನಡುವೆ, ಕಮಾನುಗಳ ಬೆನ್ನಿನ ಮೇಲೆ ಇಡುವುದು ಯಾರೂ ಮಾಡಬಾರದ ಕೆಲಸ. ಅಡ್ಡಗೋಡೆಯೂ ಹೊರಗೋಡೆಯೂ ಕೂಡುವ ಮೂಲೆಗಳನ್ನು ಹುಡುಕಿ, ಅಲ್ಲಿ ಮಾತ್ರ ಟಾಕಿಗಳನ್ನು ಕೂರಿಸಲಾಗಿದೆ.

ಮುಂಬೈಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಈ ಮೆಟ್ಟಿಲಿನ ಬಚ್ಚಲನ್ನು ನೋಡಿ ಬಹಳ ನಕ್ಕಿದ್ದ. ಅಲ್ಲಿ ಓವಲ್ ಮೈದಾನಕ್ಕೆ ಮುಖಮಾಡಿ 1930ರ ದಶಕದಲ್ಲಿ ಎದ್ದ ಆರ್ಟ್ ಡೆಕೋ ಕಟ್ಟಡಗಳ ಸಾಲು ಇದೆ. ಎದುರಿನ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳೊಂದಿಗೆ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವನಿಗೆ ಹಳೆಯ ಅಪಾರ್ಟ್‌ಮೆಂಟ್ ಎಂದರೆ ಅವೇ. ಆದರೆ ಅವು ಮೊದಲಿನಿಂದಲೂ ಫ್ಲ್ಯಾಟುಗಳೆಂದೇ ಕಟ್ಟಿದವು, ಒಂದೊಂದು ಮನೆಗೂ ನೀರಿನ ದಾರಿಯನ್ನು ಮೊದಲೇ ಯೋಚಿಸಿ ಕಾಂಕ್ರೀಟಿನಲ್ಲಿ ಎರಕ ಹೊಯ್ದವು. ಅವುಗಳ ಕಾಟ ಬೇರೆ: ಸಮುದ್ರದ ಉಪ್ಪುಗಾಳಿಗೆ ಒಳಗಿನ ಸರಳು ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನು ಸೀಳುತ್ತದೆ. ನಮ್ಮ ಗೋಡೆಗಳಲ್ಲಿ ಸರಳೇ ಇಲ್ಲ. ಯಾರ ಮನೆ ಹೆಚ್ಚು ಕಾಲ ನಿಲ್ಲುತ್ತದೆ ಎಂಬ ಪಂದ್ಯವನ್ನು ಇಬ್ಬರೂ ಮುಂದಿನ ಪೀಳಿಗೆಗೆ ಬಿಟ್ಟಿದ್ದೇವೆ.

ಉದ್ಯಾನದ ಮಾತನ್ನು ಇಷ್ಟು ಹೊತ್ತು ತಡೆದಿಟ್ಟಿದ್ದೇನೆ. ಮನೆ ಮಾರಾಟಕ್ಕೆ ಬಂದಾಗ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇದ್ದದ್ದು ಅದೊಂದೇ. ಷಾಗಂಜ್ ದರ್ವಾಜಾದಿಂದ ಹೊರಬಿದ್ದು ಉದಗೀರಿನ ಕಡೆಗೆ ಹೋಗುವ ದಾರಿಯ ಈ ಬದಿಯಿಂದ ನೋಡಿದರೆ, ಮರಗಳ ಮೇಲೆ ಅಲಿ ಬರೀದನ ಗುಮ್ಮಟ ಇಡಿಯಾಗಿ ಕಾಣುತ್ತದೆ. 1540ರ ದಶಕದಿಂದ ಸುಮಾರು 1580ರವರೆಗೆ ಬೀದರನ್ನು ಆಳಿದ ಈತ ಬದುಕಿದ್ದಾಗಲೇ ಕಟ್ಟಿಸಿಕೊಂಡ ಗೋರಿಮನೆ ಅದು. ಸಾಮಾನ್ಯ ಗೋರಿಮನೆಗಳಂತೆ ಅದು ಮುಚ್ಚಿಕೊಂಡಿಲ್ಲ. ನಾಲ್ಕೂ ಕಡೆ ಎತ್ತರದ ಕಮಾನುಗಳು ತೆರೆದೇ ಇರುವುದರಿಂದ ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೋಗುತ್ತದೆ, ಒಳಗಿನ ಕಪ್ಪು ಕಲ್ಲಿನ ಗೋರಿಗೆ ಹಗಲು ಬೆಳಕಿನ ಕೊರತೆಯೇ ಇಲ್ಲ. ಒಳಗೋಡೆಗಳ ಮೇಲೆ ಬಣ್ಣದ ಹೆಂಚುಗಳಲ್ಲಿ ಬರೆಸಿದ ಪಾರ್ಸಿ ಪದ್ಯಗಳಿವೆ. ಸುತ್ತಣ ತೋಟ ನಾಲ್ಕು ಭಾಗಗಳ ಚಾರ್‌ಬಾಗ್ ಮಾದರಿಯದು. 1914ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ, ಅದರ ಮೊದಲ ನಿರ್ದೇಶಕ ಗುಲಾಮ್ ಯಜ್ದಾನಿಯವರ ಕಾಲದಲ್ಲಿ, ಬೀದರಿನ ಸ್ಮಾರಕಗಳ ದುರಸ್ತಿಯನ್ನು ಕೈಗೆತ್ತಿಕೊಂಡಿತ್ತು. ನಮ್ಮ ಮನೆ ಕಟ್ಟುತ್ತಿದ್ದ ಅಡತಿ ವ್ಯಾಪಾರಿಗಳು ಇತ್ತ ಮುಖಮಾಡಿ ಕಟ್ಟಲು ಆ ಕೆಲಸವೂ ಒಂದು ಕಾರಣವಾಗಿದ್ದೀತು ಎಂದು ನಾನು ಊಹಿಸುತ್ತೇನೆ. ಪಾಳುಬಿದ್ದ ಗೋರಿಗಳ ಎದುರು ಯಾರೂ ಬೈಠಕಿನ ಕೋಣೆ ಇಟ್ಟುಕೊಳ್ಳುವುದಿಲ್ಲ.

ಮುಖ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನದ ಬಿಸಿಲೆಲ್ಲ ನೇರವಾಗಿ ನಮ್ಮ ಮೇಲೆ. ಅದಕ್ಕಾಗಿಯೇ ಮಹಡಿಯ ಮುಂಭಾಗದುದ್ದಕ್ಕೂ ಆಳವಾದ ವರಾಂಡ, ಅದರ ಮೇಲೆ ಚಾಚಿದ ಸಜ್ಜೆ. ಫ್ಲ್ಯಾಟು ಮಾಡುವಾಗ ಈ ವರಾಂಡವನ್ನು ಮೂರು ತುಂಡು ಮಾಡಿ, ಗಾಜು ಹಾಕಿ, ಆಯಾ ಮನೆಯ ಹಾಲಿಗೆ ಸೇರಿಸಿಬಿಡಬೇಕೆಂಬ ಯೋಜನೆಯಿತ್ತು. ಚದರಡಿಯ ಲೆಕ್ಕದಲ್ಲಿ ಮಾರುವವರಿಗೆ ಅದರಲ್ಲಿ ಲಾಭವೂ ಇತ್ತು. ಒಂದು ತುದಿಯ ಮನೆಯವರು ಹಾಗೆ ಮಾಡಿಸಿಕೊಂಡೂಬಿಟ್ಟರು. ಬಂದ ಮೊದಲ ಏಪ್ರಿಲ್‌ನಲ್ಲಿಯೇ ಗೊತ್ತಾಯಿತು: ವರಾಂಡದಲ್ಲಿ ನಿಂತುಹೋಗುತ್ತಿದ್ದ ಬಿಸಿಲು ಗಾಜಿನೊಳಗೆ ಬಂದು ಕುಳಿತಿತು, ಸಂಜೆಯಾದರೂ ಎದ್ದು ಹೋಗಲಿಲ್ಲ. ಉಳಿದ ಇಬ್ಬರು ಅದನ್ನು ನೋಡಿ ಗಾಜಿನ ಯೋಚನೆ ಬಿಟ್ಟೆವು, ನಡುವಿನ ಗೋಡೆಯನ್ನೂ ಬಿಟ್ಟೆವು. ಈಗ ಎರಡು ಮನೆಗಳ ವರಾಂಡ ಒಂದೇ ಆಗಿದೆ, ಕುರ್ಚಿಗಳು ಯಾರವೆಂಬ ಲೆಕ್ಕ ತಪ್ಪಿದೆ. ದಪ್ಪ ಗೋಡೆಯ ಮನೆ ಯಾವಾಗಲೂ ತಂಪು ಎಂದು ಹೇಳುವವರಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಹಗಲು ಹೊರಮೈ ಹೀರಿದ ಕಾವು ಒಳಮೈಯನ್ನು ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಎರಡಕ್ಕೆ ಒಳಗೆ ಹಿತವಾಗಿರುತ್ತದೆ, ರಾತ್ರಿ ಹತ್ತಕ್ಕೆ ಅಲ್ಲ. ಆಗ ಹಾಸಿಗೆಗಳು ವರಾಂಡಕ್ಕೆ ಬರುತ್ತವೆ. ಗಾಜಿನ ಮನೆಯವರ ಹಾಸಿಗೆಗಳೂ ನಮ್ಮ ಕಡೆಯೇ ಬರುತ್ತವೆ, ನಾವು ಏನೂ ಅನ್ನುವುದಿಲ್ಲ.

ಕೆಳಗಿನ ಮೂರು ಮನೆಗಳಿಗೆ ಗುಮ್ಮಟ ಕಾಣುವುದಿಲ್ಲ, ಕಾಂಪೌಂಡ್ ಗೋಡೆ ಮತ್ತು ಅದರಾಚೆಯ ಬೆಳಗಿನ ವಾಕಿಂಗಿನವರ ತಲೆಗಳಷ್ಟೇ ಕಾಣುತ್ತವೆ. ಅವುಗಳ ಬೆಲೆಯೂ ಕಡಿಮೆಯೇ ಇತ್ತು. ಆದರೆ ಅವುಗಳ ಬಚ್ಚಲು ಮಣ್ಣಿನ ನೆಲದ ಮೇಲಿದೆ, ಮೆಟ್ಟಿಲಿಲ್ಲ. ನನ್ನ ಅತ್ತೆಯವರ ಮೊಣಕಾಲು ಕೈಕೊಟ್ಟ ಮೇಲೆ ಈ ಸಂಗತಿ ನಮ್ಮ ಮನೆಯ ಮುಖ್ಯ ವಿಷಯವಾಯಿತು. ಹೊರಗಿನ ಮಹಡಿ ಮೆಟ್ಟಿಲನ್ನು ಅವರು ಹೇಗೋ ದಿನಕ್ಕೊಮ್ಮೆ ನಿಭಾಯಿಸಬಲ್ಲರು; ರಾತ್ರಿ ಎದ್ದು ಬಚ್ಚಲಿನ ಎರಡು ಮೆಟ್ಟಿಲು ಹತ್ತಿಳಿಯುವುದೇ ಭಯ. ಅಂಗಳದಲ್ಲಿ ಲಿಫ್ಟ್ ಹಾಕಿಸೋಣವೆಂದು ಸಭೆಯಲ್ಲಿ ಮಾತು ಬಂತು. ಅದಕ್ಕೆ ಹೊಸ ಕಂಬ, ಹೊಸ ಗೋಡೆ ಬೇಕು, ಛತ್ತಿನ ಮೇಲೆ ಯಂತ್ರದ ಕೋಣೆ ಎದ್ದರೆ ಎತ್ತರವೂ ಹೆಚ್ಚುತ್ತದೆ. ಇದನ್ನು ದುರಸ್ತಿಯೆಂದು ತೋರಿಸುವುದು ಹೇಗೆ ಎಂದು ಅನುಮತಿಯ ಕಾಗದಪತ್ರ ಬಲ್ಲವರೊಬ್ಬರು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಲಿಫ್ಟ್ ಬಂದಿದ್ದರೂ ಬಚ್ಚಲಿನ ಮೆಟ್ಟಿಲು ಇದ್ದೇ ಇರುತ್ತಿತ್ತು.

ಹಾಗಾಗಿ ಕೆಳಗಿನ ಮನೆಯ ಕಾಕು ಮತ್ತು ನಾವು ಮನೆಗಳನ್ನು ಅದಲುಬದಲು ಮಾಡಿಕೊಳ್ಳುವುದೆಂದು ತೀರ್ಮಾನಿಸಿದ್ದೇವೆ. ಅವರ ಇಬ್ಬರು ಮಕ್ಕಳೂ ಕಾಲೇಜಿಗೆ ಹೋಗುವವರು, ಮೆಟ್ಟಿಲಿಗೆ ಹೆದರುವವರಲ್ಲ, ಗುಮ್ಮಟ ಕಾಣುವ ವರಾಂಡದ ಮೇಲೆ ಮೊದಲಿನಿಂದಲೂ ಅವರ ಕಣ್ಣಿತ್ತು. ಬೆಲೆಯ ವ್ಯತ್ಯಾಸದ ವಿಚಾರದಲ್ಲಿ ನಮ್ಮೊಳಗೆ ಸ್ವಲ್ಪ ಹಗ್ಗಜಗ್ಗಾಟ ನಡೆದು, ಮೂರು ವರ್ಷ ಪರಸ್ಪರ ಬಾಡಿಗೆಗಿರುವುದು, ಅಲ್ಲಿಯವರೆಗೆ ಯಾರ ಕಾಗದವೂ ಬದಲಾಗಬಾರದು ಎಂಬಲ್ಲಿಗೆ ಮುಟ್ಟಿತು. ಕಾಕು ಒಂದೇ ಷರತ್ತು ಹಾಕಿದ್ದಾರೆ: ನಮ್ಮ ಬಚ್ಚಲಿನಿಂದ ಹಿಂಗೋಡೆಗೆ ಇಳಿಯುವ ಪೈಪಿನ ಕೂಡುಕಟ್ಟು ಎರಡು ಕಡೆ ತೊಟ್ಟಿಕ್ಕುತ್ತಿದೆ, ಆ ನೀರು ಗೋಡೆ ಹೊಕ್ಕರೆ ಮತ್ತೆ ಉಪ್ಪಿನ ಕಾಟ ಶುರುವಾಗುತ್ತದೆ, ಆದ್ದರಿಂದ ಅವರು ಸಾಮಾನು ಮೇಲೆ ಹೊರಿಸುವ ಮೊದಲು ಅದನ್ನು ನಮ್ಮ ಖರ್ಚಿನಲ್ಲಿ ಬದಲಿಸಿಕೊಡಬೇಕು. ಒಪ್ಪಿಕೊಂಡಿದ್ದೇವೆ. ಗೌಂಡಿ ಕಾಕಾ ರೋಹಿಣಿ ಮಳೆ ಬರುವ ಮೊದಲೇ ಬಂದು ಕೆಲಸ ಮುಗಿಸಿಕೊಡುತ್ತೇನೆ ಎಂದಿದ್ದಾರೆ, ಸುಣ್ಣವನ್ನು ಈಗಿನಿಂದಲೇ ನೆನೆಹಾಕಿಡಲು ಹೇಳಿ ಹೋಗಿದ್ದಾರೆ.